ದೊಡ್ಡಪ್ಪನ ಗುಂಡಿಗೆ ಸಾಹೇಬರು ಬಂದದ್ದು

ನಾಳೆ ಸಾಹೇಬರು ಗುಂಡಿ ನೋಡಲು ಬರುತ್ತಾರೆಂದು ಫೋನು ಬಂದ ಸಂಜೆ ನಮ್ಮ ದೊಡ್ಡಪ್ಪ ಮಗಳ ಮದುವೆಗೂ ಪಡದಷ್ಟು ಸಡಗರಪಟ್ಟ. ಗಡಿಕಲ್ಲುಗಳಿಗೆ ಸುಣ್ಣ ಬಳಿಸಿದ. ಗುಂಡಿಯ ತಳವನ್ನು ತೆಂಗಿನ ಕಡ್ಡಿಪೊರಕೆಯಲ್ಲಿ ಗುಡಿಸೆಂದು ಆಳಿಗೆ ಹೇಳಿದ. ಮರಳಿನ ಗುಂಡಿಯಲ್ಲಿ ಗುಡಿಸುವುದೇನನ್ನು, ಗುಡಿಸಿ ಹಾಕುವುದೆಲ್ಲಿಗೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಗುಂಡಿ ಅಂಥ ದೊಡ್ಡದೇನಲ್ಲ. ಚಿಕ್ಕನಾಯಕನಹಳ್ಳಿ ಸೀಮೆಯ ನಮ್ಮ ತೆಂಗಿನ ತೋಟದಂಚಿಗೆ, ಹಳ್ಳ ಹಿಂದೆಂದೋ ಹರಿದು ಬಿಟ್ಟುಹೋದ ಪಟ್ಟಾ ಜಮೀನು. ಮೇಲೆ ಗರಸು, ಕೆಳಗೆ ಮರಳು. ಇಲ್ಲಿ ಗಣಿ ಅಂದರೆ ಅದಿರಿನದು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿದಾಗ, ದೊಡ್ಡವರಿಗೆ ಬಿದ್ದ ಏಟು ಅಂತ ದೊಡ್ಡಪ್ಪ ನಕ್ಕಿದ್ದ. ಮರುವರ್ಷ ಅದೇ ಕೋರ್ಟು 5 ಹೆಕ್ಟೇರಿಗಿಂತ ಚಿಕ್ಕ ಗುಂಡಿಗೂ ಪರಿಸರ ಅನುಮತಿ ಬೇಕೆಂದಿತು. ಆಗ ದೊಡ್ಡಪ್ಪನಿಗೂ ಒಂದು ಫೈಲು ಹುಟ್ಟಿತು. ಅದು ಬೆಳೆದಷ್ಟು ಬೇಗ ಗುಂಡಿ ಬೆಳೆಯಲಿಲ್ಲ.

ಬಂದವರು ಚಿಕ್ಕ ಪ್ರಾಯದ ಭೂವಿಜ್ಞಾನಿ. ಕೆತ್ತಿಕೊಟ್ಟ ಎಳನೀರು ಬೇಡವೆಂದರು. ಡ್ರೈವರು ಅವರದ್ದನ್ನೂ ಸೇರಿಸಿ ಕುಡಿದ.

"ಗಡಿಯಿಂದ ಏಳೂವರೆ ಮೀಟರ್ ಬಿಟ್ಟಿದ್ದೀರಾ, ಯಜಮಾನ್ರೇ?"

"ಒಂದು ಸಾಲಿಗೆ ಕೊಂಚ ಕಮ್ಮಿ ಐತೆ, ಸ್ವಾಮಿ."

ನಮ್ಮಲ್ಲಿ ಮರದಿಂದ ಮರಕ್ಕೆ 30 ಅಡಿ. ಸಾಹೇಬರು ಮನಸ್ಸಲ್ಲೇ ಗುಣಿಸಿ ಭಾಗಿಸಿ ತಲೆಯಾಡಿಸಿದರು.

ಗರಸಿನಂಥ ಸಡಿಲ ನೆಲ ಅಗೆದರೆ ಮೆಟ್ಟಿಲು ಬಿಡಬೇಕು. ಎತ್ತರ ಒಂದೂವರೆ ಮೀಟರ್ ಮೀರಕೂಡದು, ಅಗಲ ಎತ್ತರಕ್ಕಿಂತ ಕಮ್ಮಿಯಾಗಕೂಡದು. ಇದು 1961ರ ಗಣಿ ನಿಯಮ. ದೊಡ್ಡಪ್ಪ ರಾತ್ರೋರಾತ್ರಿ ಕಡಿಸಿದ ಮೆಟ್ಟಿಲು ಎಷ್ಟು ಚೊಕ್ಕಟವಾಗಿದ್ದವೆಂದರೆ, ನೀರೊಂದಿದ್ದಿದ್ದರೆ ತೆಪ್ಪೋತ್ಸವವನ್ನೇ ಮಾಡಬಹುದಿತ್ತು.

ಆಳ ಅಳೆಯುವ ಹೊತ್ತಿಗೆ ಟೇಪಿನೊಳಗೆ ಮರಳು ಸಿಕ್ಕಿ ಅದು ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಕೊನೆಗೆ ಕಾಯಿ ಕೀಳುವ ಗಳವನ್ನೇ ಇಳಿಬಿಟ್ಟೆವು. ಸದಾ ಆಕಾಶದ ಕಡೆ ಮುಖ ಮಾಡಿದ್ದ ಗಳ ಅವತ್ತು ಮೊದಲ ಸಲ ಕೆಳಮುಖವಾಯಿತು. ಮೂರು ಮೀಟರಿಗೆ ಒಂದು ಗೇಣು ಕಮ್ಮಿ. ಪಾಸು.

ಇನ್ನೊಂದೇ ಕಾಲಂ ಉಳಿದಿತ್ತು. 2016ರ ಕೇಂದ್ರದ ಮಾರ್ಗಸೂಚಿಯಂತೆ ಮರಳು ತೆಗೆಯುವುದು ಮೂರು ಮೀಟರಿನವರೆಗೆ. ಅದಕ್ಕೂ ಮೊದಲೇ ನೀರು ಸಿಕ್ಕರೆ ಅಲ್ಲಿಗೇ ನಿಲ್ಲಿಸಬೇಕು.

"ಅಂತರ್ಜಲ ಏನಾದ್ರೂ ತಗುಲಿತಾ?"

ದೊಡ್ಡಪ್ಪ ಅವರ ಮುಖವನ್ನೇ ನೋಡಿದ. "ತಗುಲಿದ್ರೆ ಈ ಗುಂಡಿ ಯಾಕೆ ಸ್ವಾಮಿ, ಇಡೀ ಊರಿಗೆ ಹೋಳಿಗೆ ಊಟ ಹಾಕಿಸ್ತಿದ್ದೆ. ಅಗೋ ಆ ಮರದ ಬುಡದಾಗೆ ಎಂಟುನೂರು ಅಡಿ ಕೊರೆಸಿವ್ನಿ. ಬಂದಿದ್ದು ಬರೀ ಧೂಳು."

ಸಾಹೇಬರು ನಗಲಿಲ್ಲ. "ಇಲ್ಲ" ಎಂದು ಬರೆದುಕೊಂಡರು. ಆಮೇಲೆ ಕೇಳಿ ಎಳನೀರು ಕುಡಿದರು.

ಅದೇ ಹಳ್ಳದಲ್ಲಿ ನಾವು ಹುಡುಗರು ಚಿಲುಮೆ ತೋಡುತ್ತಿದ್ದೆವು. ಬೇಸಿಗೆಯಲ್ಲಿ ಮೊಣಕೈ ಆಳ ಮರಳು ಕೆದಕಿದರೆ ಮೊದಲು ಮರಳು ಕಪ್ಪಾಗುತ್ತಿತ್ತು, ಆಮೇಲೆ ಬದಿಯಿಂದ ಕಣ್ಣೀರಿನಂತೆ ನೀರು ಒಸರುತ್ತಿತ್ತು. ಮೊದಲ ಬೊಗಸೆ ಬಗ್ಗಡ, ಎರಡನೆಯದೂ ಬಗ್ಗಡ. ಮೂರನೆಯದರಲ್ಲಿ ಮುಖ ಕಾಣುತ್ತಿತ್ತು. ದೊಡ್ಡಮ್ಮ ಚಿಪ್ಪಿನಲ್ಲಿ ತೋಡಿ ತೋಡಿ ಬಿಂದಿಗೆ ತುಂಬಿಸುವಷ್ಟರಲ್ಲಿ ಊರಿನ ಅರ್ಧ ಸುದ್ದಿ ಮುಗಿದಿರುತ್ತಿತ್ತು. ಈ ಕಡೆಯ ಹಳ್ಳಗಳು ಸುವರ್ಣಮುಖಿ ಸೇರಿ ಬೋರನಕಣಿವೆ ಜಲಾಶಯಕ್ಕೆ ಹೋಗುತ್ತವೆ. ಈಗ ನಮ್ಮ ಸೀಮೆಯೆಲ್ಲ ಬರೀ ಬೋರಿನ ಕಣಿವೆ. ಹಳ್ಳದ ಮರಳನ್ನು ಟ್ರ್ಯಾಕ್ಟರಿಗೆ ತುಂಬಿದವರಲ್ಲಿ ನಾವೂ ಇದ್ದೆವು ಅನ್ನುವುದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಪರವಾನಗಿಯ ಅವಧಿ ಮುಗಿದು ಗುಂಡಿ ಹಾಗೇ ಇದೆ. ಜೋರು ಮಳೆಯಾದರೆ ನಾಲ್ಕು ದಿನ ನೀರು ನಿಲ್ಲುತ್ತದೆ. ಮೊನ್ನೆ ಇನ್ನೊಂದು ಬೋರು ಸಾವಿರ ಅಡಿ ದಾಟಿತು. ಅದರಲ್ಲಿ ಮೆಟ್ಟಿಲು ಬಿಟ್ಟಿದ್ದೀರಾ ಎಂದು ಕೇಳಲು ಇದುವರೆಗೆ ಯಾವ ಸಾಹೇಬರೂ ಬಂದಿಲ್ಲ.