ನೋವು ಬಂದಾಗ ನೋಡೋಣ

ಶಾಲೆಯಲ್ಲಿ ನಡೆದ ದಂತ ತಪಾಸಣಾ ಶಿಬಿರದಿಂದ ಮಗಳು ಒಂದು ಚೀಟಿ ತರುತ್ತಾಳೆ. ಕೆಳದವಡೆಯ ಒಂದು ಹಲ್ಲು ಹುಳುಕಾಗಿದೆ, ವೈದ್ಯರಿಗೆ ತೋರಿಸಿ ಎಂದು ಅದರಲ್ಲಿ ಬರೆದಿರುತ್ತದೆ. ಅಪ್ಪ ಆ ವಾರವೇ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಕುರ್ಚಿಯಿಂದ ಇಳಿದ ಹುಡುಗಿ, 'ಅಪ್ಪಾ, ನೀನೂ ತೋರಿಸಿಕೋ' ಎಂದರೆ ಮಾತ್ರ 'ನನಗೇನಾಗಿದೆ? ನೋವು ಬಂದಾಗ ನೋಡೋಣ' ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಇದು ಒಂದು ಮನೆಯ ಕಥೆಯಲ್ಲ.

ನೋವನ್ನು ಗಡಿಯಾರದಂತೆ ನಂಬುವವರು ಹಲ್ಲಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಹಲ್ಲಿನ ಹೊರಕವಚವಾದ ಎನಾಮೆಲ್‌ನ ತೂಕದಲ್ಲಿ ಸುಮಾರು ಶೇ. 96 ಭಾಗ ಖನಿಜ. ಅದರಲ್ಲಿ ನರವೇ ಇಲ್ಲ, ನರವಿಲ್ಲದ ಕಡೆ ನೋವು ಎಲ್ಲಿಂದ ಬರಬೇಕು? ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವನ್ನಾಗಿ ಮಾಡುತ್ತವೆ. ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಪಡಿಸಲು ಹೆಣಗುತ್ತದೆ. ಬಿಳಿ ಮಚ್ಚೆಯ ಹಂತದಲ್ಲಿದ್ದರೆ ಈ ದುರಸ್ತಿ ಸಾಧ್ಯ. ಕುಳಿ ಬಿದ್ದ ಮೇಲೆ ಇಲ್ಲ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಮುಗಿದುಹೋಗಿರುತ್ತವೆ. ಮುರಿದ ಮೂಳೆ ಕೂಡೀತು, ತೂತು ಬಿದ್ದ ಹಲ್ಲು ತಾನಾಗಿ ಮುಚ್ಚಿಕೊಳ್ಳದು.

ಹುಳುಕು ಒಳಪದರಕ್ಕೆ ಇಳಿದಾಗ ತಣ್ಣೀರು ಜುಮ್ಮೆನ್ನಿಸುತ್ತದೆ. ಹಲ್ಲಿನ ತಿರುಳನ್ನು ಮುಟ್ಟಿದಾಗ ರಾತ್ರಿಯ ನಿದ್ದೆ ಹೋಗುತ್ತದೆ. ಆಗ ಲವಂಗ ನೆನಪಾಗುತ್ತದೆ. ಅದರಲ್ಲಿರುವ ಯುಜೆನಾಲ್ ನೋವನ್ನು ಮಂಕಾಗಿಸುವುದು ನಿಜ, ಅಜ್ಜಿಯ ಮದ್ದು ಸುಳ್ಳಲ್ಲ. ಆದರೆ ಕೆಲವು ದಿನ ಕಾಡಿದ ನೋವು ಒಂದು ಬೆಳಿಗ್ಗೆ ತಾನಾಗಿ ನಿಂತಾಗ ಮನೆಯವರೆಲ್ಲ ಗುಣವಾಯಿತೆಂದು ನಿಟ್ಟುಸಿರು ಬಿಡುತ್ತಾರಲ್ಲ, ಮೋಸ ಇರುವುದು ಅಲ್ಲಿ. ಎಷ್ಟೋ ಸಲ ತಿರುಳು ಸತ್ತಿದ್ದರಿಂದಲೇ ನೋವು ನಿಂತಿರುತ್ತದೆ. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿಯುತ್ತಿರುತ್ತದೆ.

ವಸಡಿನ ರೋಗ ಇದಕ್ಕಿಂತಲೂ ಮೌನಿ. ಬ್ರಷ್ ಮಾಡುವಾಗ ಒಂದಿಷ್ಟು ರಕ್ತ, ಅಷ್ಟೆ. ಗಟ್ಟಿಗೊಂಡ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ. ಹಲ್ಲನ್ನು ಹಿಡಿದ ಮೂಳೆ ಸವೆದು ಹಲ್ಲು ಅಲುಗಾಡುವವರೆಗೂ ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ.

ಹಾಗಾದರೆ ಎಷ್ಟು ತಿಂಗಳಿಗೊಮ್ಮೆ? ಆರು ತಿಂಗಳು ಎಂಬುದು ಎಲ್ಲರ ಬಾಯಲ್ಲೂ ಇದೆ. ಅದನ್ನು ಜನಪ್ರಿಯಗೊಳಿಸಿದ್ದರಲ್ಲಿ ಅಮೆರಿಕದ ಪೆಪ್ಸೊಡೆಂಟ್ ಕಂಪನಿಯ ಹಳೆಯ ಜಾಹೀರಾತಿನ ಪಾಲೂ ಇದೆ. ಈ ನಿಯಮಕ್ಕೆ ವೈಜ್ಞಾನಿಕ ಆಧಾರವೇನು ಎಂದು ಬ್ರಿಟನ್ನಿನ ಆಬ್ರೆ ಶೇಹಮ್ 1977ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಕೇಳಿದರು. 2004ರಲ್ಲಿ ಅಲ್ಲಿನ ನೈಸ್ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು: ವಯಸ್ಕರಿಗೆ 3 ತಿಂಗಳಿಂದ 24 ತಿಂಗಳವರೆಗೆ, ಅವರವರ ಬಾಯಿ ನೋಡಿ ವೈದ್ಯರೇ ಅವಧಿ ಗೊತ್ತುಮಾಡಬೇಕು, 18ರೊಳಗಿನವರಿಗೆ 12 ತಿಂಗಳು ಮೀರಬಾರದು. ಮುಂದೆ ಅಲ್ಲೇ 2,372 ವಯಸ್ಕರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನದಲ್ಲಿ, ಆರು ತಿಂಗಳಿಗೊಮ್ಮೆ ಹೋದವರಿಗೂ ವೈದ್ಯರು ಹೇಳಿದ ಅವಧಿಗೆ ಹೋದವರಿಗೂ ವಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಅಪ್ಪಂದಿರು ಹಿಗ್ಗಬೇಕಿಲ್ಲ. ಆ ಅಧ್ಯಯನಕ್ಕೆ ಸೇರಿದವರು ಮೊದಲಿನಿಂದಲೂ ದಂತವೈದ್ಯರ ಬಳಿ ಹೋಗುತ್ತಿದ್ದವರು. ನಲವತ್ತೈದು ದಾಟಿದರೂ ಒಮ್ಮೆಯೂ ಆ ಕುರ್ಚಿ ಏರದವರಿಗೆ ಎರಡು ವರ್ಷದ ರಿಯಾಯಿತಿ ಅನ್ವಯಿಸುವುದಿಲ್ಲ. ಅವರ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಮೊದಲ ಭೇಟಿಯಲ್ಲಿ ಬಾಯಿ ಚೆನ್ನಾಗಿದೆಯೆಂದು ಕಂಡರೆ, ಸಿಹಿ ಮಿತವಾಗಿದ್ದರೆ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಸಾಕೆಂದು ವೈದ್ಯರೇ ಹೇಳಿಯಾರು. ಸಕ್ಕರೆ ಕಾಯಿಲೆ ಇದ್ದವರಿಗೆ ಅಷ್ಟು ಸಡಿಲ ಸಿಗುವುದು ಕಷ್ಟ. ಅದು ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ.

ಎಲೆಯಡಿಕೆ, ಗುಟ್ಕಾ, ಹೊಗೆಸೊಪ್ಪಿನವರ ಮಾತು ಬೇರೆಯೇ. ತಪಾಸಣೆ ಎಂದರೆ ಹಲ್ಲು ಎಣಿಸುವುದಲ್ಲ. ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಅಂಗಳ ಎಲ್ಲವನ್ನೂ ನೋಡುವುದು. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ದಿನೇದಿನೇ ಕಡಿಮೆ ತೆರೆಯುವ ಬಾಯಿ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇವು ಎಷ್ಟೋ ಸಲ ನೋವನ್ನೇ ಕೊಡುವುದಿಲ್ಲ. ಬಾಯಿ ಕ್ಯಾನ್ಸರಿನ ಮುನ್ಸೂಚನೆಗಳು ಇವೇ ಆಗಿರಬಹುದು. ಇವು ಕಂಡರೆ ಆರು ತಿಂಗಳ ಮಾತೇ ಇಲ್ಲ, ಆ ವಾರವೇ ಹೋಗಬೇಕು. ಇದೇ ಕಾರಣಕ್ಕೆ ಹಲ್ಲೆಲ್ಲ ಉದುರಿದ ಅಜ್ಜಿಗೂ ತಪಾಸಣೆ ಬೇಕು, ಹಲ್ಲು ಹೋದರೂ ಬಾಯಿ ಹೋಗಿಲ್ಲವಲ್ಲ!

ಖರ್ಚಿನ ಅಂಜಿಕೆ ಸಹಜ. ಆದರೆ ಸಣ್ಣ ಕುಳಿ ತುಂಬಿಸುವುದು ಸಾಮಾನ್ಯವಾಗಿ ಒಂದೇ ಭೇಟಿಯ ಕೆಲಸ; ತಿರುಳಿಗೆ ಇಳಿದರೆ ಬೇರುನಾಳದ ಚಿಕಿತ್ಸೆ, ಮೇಲೊಂದು ಟೋಪಿ, ಹಲವು ಓಡಾಟ. ಬೆಂಗಳೂರಿನಲ್ಲಿ 1958ರಿಂದ ಸರ್ಕಾರಿ ದಂತ ಕಾಲೇಜಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ, ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರಿದ್ದಾರೆ. ಖಾಸಗಿ ದಂತ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ದರ ಸಾಮಾನ್ಯವಾಗಿ ಕಡಿಮೆ. ವಿದ್ಯಾರ್ಥಿಗಳು ನೋಡುತ್ತಾರೆ, ಹಿಂದೆ ಪ್ರಾಧ್ಯಾಪಕರು ನಿಂತಿರುತ್ತಾರೆ. ಸ್ವಲ್ಪ ಹೆಚ್ಚು ಹೊತ್ತು ಬಾಯಿ ತೆರೆದು ಕೂರಬೇಕಾದೀತು. ಮಗಳ ಹಲ್ಲಿಗೆಂದು ಹೇಗೂ ಹೋದ ದಿನ ಅಪ್ಪ ಇನ್ನೊಂದು ಚೀಟಿ ಮಾಡಿಸಿದರೆ ಬಸ್ ಚಾರ್ಜೂ ಉಳಿಯುತ್ತದೆ.