ಇಳಿಸುವವರ ಲೆಕ್ಕ

ಫೋಕ್ಸ್‌ವ್ಯಾಗನ್ ಪೋಲೊ ಭಾರತದಲ್ಲಿ 2010ರಿಂದ 2022ರವರೆಗೆ ಮಾರಾಟವಾಯಿತು. ತಯಾರಾಗುತ್ತಿದ್ದದ್ದು ಪುಣೆ ಪಕ್ಕದ ಚಾಕಣದಲ್ಲಿ. ನಮ್ಮ ರಸ್ತೆಗಳ ಯೋಗ್ಯತೆ ಗೊತ್ತಿದ್ದ ಕಂಪನಿ ಅದನ್ನು ಯುರೋಪಿನ ಪೋಲೊಗಿಂತ ಎತ್ತರಕ್ಕೆ ನಿಲ್ಲಿಸಿ ಕೊಟ್ಟಿತು. ನೆಲಕ್ಕೂ ತಳಕ್ಕೂ 165 ಮಿ.ಮೀ. ಅಂತರ. ಈಗ ನನ್ನ ಅಣ್ಣನ ಮಗ ಸೆಕೆಂಡ್ ಹ್ಯಾಂಡ್ ಪೋಲೊ ಕೊಂಡು, ಆ ಎತ್ತರವನ್ನು ಇಳಿಸಲು ದುಡ್ಡು ಕೂಡಿಡುತ್ತಿದ್ದಾನೆ. ಕಂಪನಿ ಏರಿಸಿ ಕೊಟ್ಟದ್ದನ್ನು ಕಾಸು ಕೊಟ್ಟು ಇಳಿಸುವುದು ಯಾಕೆ ಎಂಬುದು ನನ್ನ ಪ್ರಶ್ನೆ. ಅವನಿಗೆ ಅದು ಪ್ರಶ್ನೆಯೇ ಅಲ್ಲ. ಇಳಿಸುವುದಂತೂ ಖಾತ್ರಿ. ಬರೀ ಸ್ಪ್ರಿಂಗ್ ಬದಲಿಸುವುದೋ, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗೇ ಬರುವ ಕಾಯಿಲೋವರ್ ಹಾಕಿಸುವುದೋ ಎಂಬುದಷ್ಟೇ ತಲೆನೋವು.

*

ಕಾರು ಇಳಿಸುವವರ ಅಳತೆ ಬೆರಳಿನಲ್ಲಿ. ಟೈರಿನ ನೆತ್ತಿಗೂ ಫೆಂಡರಿನ ಅಂಚಿಗೂ ನಡುವೆ ಎಷ್ಟು ಬೆರಳು ತೂರುತ್ತವೆ ಎಂದು ನೋಡುತ್ತಾರೆ. ನಾಲ್ಕು ತೂರಿದರೆ ಅವಮಾನ, ಎರಡಾದರೆ ಗೌರವ. ಯಾರ ಬೆರಳು ಎಂದು ಯಾರೂ ಕೇಳುವುದಿಲ್ಲ.

*

ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ತಿಳಿದುಕೊಂಡದ್ದು: ಇಳಿಸುವ ಸ್ಪ್ರಿಂಗ್ ಗಿಡ್ಡ ಮಾತ್ರವಲ್ಲ, ಕಂಪನಿಯದಕ್ಕಿಂತ ಗಡುಸು ಕೂಡ. ಗಡುಸು ಯಾಕೆ? ಕಾರು 35 ಮಿ.ಮೀ. ಕೆಳಗೆ ಬಂತು ಅಂದರೆ ಚಕ್ರ ಮೇಲೇಳಲು ಇದ್ದ ಜಾಗದಲ್ಲಿ ಅಷ್ಟು ಹೋಯಿತು. ಗುಂಡಿಗೆ ಬಿದ್ದಾಗ ಅದೇ ಏಟನ್ನು ಉಳಿದ ಸಣ್ಣ ಜಾಗದಲ್ಲೇ ಅರಗಿಸಿಕೊಳ್ಳಬೇಕು. ಸ್ಪ್ರಿಂಗ್ ಮೆತ್ತಗಿದ್ದರೆ ಬಂಪ್ ಸ್ಟಾಪರಿಗೆ ಹೋಗಿ ದಡ್ ಎಂದು ಬಡಿಯುತ್ತದೆ.

ಸರಿ. ಆದರೆ ಸ್ಪ್ರಿಂಗಿಗೆ ಕುಣಿಯುವುದಷ್ಟೇ ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ, ಅಂದರೆ ಡ್ಯಾಂಪರಿನ ಕೆಲಸ. ಒಳಗಿರುವ ಎಣ್ಣೆ ಸಣ್ಣ ಕಿಂಡಿಗಳಲ್ಲಿ ನುಸುಳಿ, ಓಟವನ್ನು ಶಾಖವಾಗಿಸಿ ಸುಸ್ತು ಮಾಡುತ್ತದೆ. ಕಂಪನಿಯವರು ಆ ಕಿಂಡಿಗಳನ್ನು ತಮ್ಮ ಸ್ಪ್ರಿಂಗಿನ ಗಡಸುತನಕ್ಕೆ ತಕ್ಕಂತೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಸ್ಪ್ರಿಂಗ್ ಮಾತ್ರ ಬದಲಾಯಿಸಿದರೆ ಆ ಜೋಡಿ ಒಡೆಯುತ್ತದೆ. ಹಂಪು ದಾಟಿದ ಮೇಲೂ ಒಂದೆರಡು ಸಲ ತಲೆಯಾಡಿಸುತ್ತಾ ಹೋಗುವ ಕಾರು ಕಂಡರೆ ಅದರ ಜೋಡಿ ಒಡೆದಿದೆ ಎಂದೇ ಲೆಕ್ಕ.

ಹಾಗಂತ ಹೆದರಬೇಕಾದಷ್ಟು ಇದೆಯೇ? ಕಾಗದದ ಮೇಲೆ ನೋಡಿದೆ. ಬೇಕಾಗುವ ತಡೆ ಸ್ಪ್ರಿಂಗಿನ ಗಡಸುತನದ ವರ್ಗಮೂಲದಂತೆ ಏರುತ್ತದೆ. ಸ್ಪ್ರಿಂಗ್ ಶೇ. 25ರಷ್ಟು ಗಡುಸಾದರೆ ಡ್ಯಾಂಪರ್ ಶೇ. 12ರಷ್ಟು ಬಿಗಿಯಾದರೆ ಸಾಕು. ಹೊಸ ಡ್ಯಾಂಪರ್ ಇಷ್ಟು ಕೊರತೆಯನ್ನು ತೂಗಿಸಿಕೊಂಡು ಹೋಗುತ್ತದೆ. ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿ ಎಣ್ಣೆ ಜಿನುಗಿಸುತ್ತಿರುವುದು ತೂಗಿಸಲಾರದು. ಹಾಗಾದರೆ ಮೊದಲು ನೋಡಬೇಕಾದದ್ದು ಮೀಟರಿನಲ್ಲಿರುವ ಕಿಲೋಮೀಟರನ್ನು. ಅಂಗಡಿಯಲ್ಲಿ ಇಂಚಿನ ಮಾತು ಬೇಕಾದಷ್ಟು ಕೇಳಿದೆ. ಮೀಟರ್ ಎಷ್ಟಾಗಿದೆ ಎಂದು ಒಬ್ಬನೂ ಕೇಳಲಿಲ್ಲ.

*

ಕಾಯಿಲೋವರ್ ಹತ್ತಿರದಿಂದ ನೋಡಿದೆ. ಡ್ಯಾಂಪರಿನ ಮೈತುಂಬ ಸಣ್ಣ ಥ್ರೆಡ್. ಅದರ ಮೇಲೆ ಅಲ್ಯೂಮಿನಿಯಮ್ಮಿನ ಎರಡು ಬಳೆ, ಒಂದು ಸ್ಪ್ರಿಂಗನ್ನು ಹೊರಲು, ಇನ್ನೊಂದು ಅದು ಸಡಿಲವಾಗದಂತೆ ಒತ್ತಿ ಹಿಡಿಯಲು. ಕೊಕ್ಕೆಯಂಥ ಪಾನಾ ಹಾಕಿ ಬಳೆ ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ. ತುದಿಯಲ್ಲೊಂದು ಗುಂಡಿ, ಕಟಕ್ ಕಟಕ್ ಎಂದು ತಿರುಗಿಸಿದಂತೆ ಡ್ಯಾಂಪರ್ ಬಿಗಿ ಅಥವಾ ಸಡಿಲ. ಸ್ಪ್ರಿಂಗೂ ಡ್ಯಾಂಪರೂ ಒಬ್ಬರೇ ಲೆಕ್ಕ ಹಾಕಿ ಮಾಡಿದ ಜೋಡಿ. ಬೆಲೆ ಬರೀ ಸ್ಪ್ರಿಂಗಿನ ಹಲವು ಪಟ್ಟು.

ಪೋಲೊದ ಹಿಂಭಾಗಕ್ಕೆ ಬಂದಾಗ ಗೊಂದಲ. ಅಲ್ಲಿ ಸ್ಪ್ರಿಂಗ್ ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ. ಕಂಪನಿಯ ಏರ್ಪಾಡೇ ಹಾಗೆ. ಕಾಯಿಲೋವರ್ ಡಬ್ಬಿಯಲ್ಲೂ ಹಿಂದಿನ ಜೋಡಿ ಬೇರೆ ಬೇರೆಯಾಗಿಯೇ ಬರುತ್ತದೆ. ದುಡ್ಡು ಕೊಟ್ಟ ಹುಡುಗರಿಗೆ ಇದರಿಂದ ಬೇಸರವೇನೂ ಆದಂತಿಲ್ಲ.

ಇನ್ನೊಂದು ವಿಚಿತ್ರ. ಎತ್ತರ ಬೇಕಾದಾಗ ಬದಲಿಸಬಹುದು ಎಂದು ಲಕ್ಷದ ಮಾತಾಡುವವರು, ಹಾಕಿಸಿದ ದಿನ ಒಂದು ಎತ್ತರಕ್ಕೆ ನಿಲ್ಲಿಸಿದರೆ ಮುಗಿಯಿತು. ಎತ್ತರ ಬದಲಿಸಿದಾಗಲೆಲ್ಲ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಇಲ್ಲದಿದ್ದರೆ ಟೈರು ಒಳಗಡೆಯಿಂದ ತಿಂದುಹೋಗುತ್ತದೆ. ಯಾರಿಗೆ ಬೇಕು? ಮಳೆಗಾಲದ ಕೆಸರು ಥ್ರೆಡ್ಡಿನೊಳಗೆ ಕೂತು ಒಣಗಿದರೆ ಬಳೆಯೂ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಬ್ರಷ್ ಹಾಕಿ ತೊಳೆದು ಸ್ಪ್ರೇ ಹೊಡೆಯುತ್ತಿರಬೇಕಂತೆ. "ಹೊಡೀತಾರಾ?" ಎಂದು ಕೇಳಿದೆ. ಮೇಸ್ತ್ರಿ ನಕ್ಕ. "ಬಿಚ್ಚೋಕೆ ಬರೋ ಹೊತ್ತಿಗೆ ಸುತ್ತಿಗೆ ಬೇಕಾಗುತ್ತೆ ಸಾರ್."

*

ಹಂಪಿನ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಪೋಲೊದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 2.47 ಮೀಟರ್. ಅಂದರೆ ನಾಲ್ಕೂ ಚಕ್ರ ಹಂಪಿನ ಮೇಲೇ ನಿಲ್ಲುತ್ತವೆ. ಆಗ ಎರಡು ಚಕ್ರಗಳ ನಡುವೆ ಹಂಪು ಉಬ್ಬುವುದು ಸುಮಾರು 45 ಮಿ.ಮೀ. ಮಾತ್ರ. 35 ಇಳಿಸಿ 130ಕ್ಕೆ ತಂದ ಕಾರೂ ತಳ ಉಜ್ಜದೆ ಆರಾಮಾಗಿ ದಾಟುತ್ತದೆ. ನಾಲ್ಕು ಜನ ಕೂತರೂ ಸೈ.

ಆದರೆ ನಮ್ಮ ಬೀದಿಯದು ರಾತ್ರೋರಾತ್ರಿ ಹುಟ್ಟಿದ ಹಂಪು. ಅಗಲ ಒಂದು ಮೊಳ, ಎತ್ತರ ಹಾಕಿದವನ ಸಿಟ್ಟಿನಷ್ಟು. ಅದು ಪೂರ್ತಿ ಚಕ್ರಗಳ ನಡುವೆ ಬರುವುದರಿಂದ ಪೂರ್ತಿ ಎತ್ತರವೂ ಹೊಟ್ಟೆಗೇ. ಇಳಿಸಿದ ಕಾರುಗಳು ಅದನ್ನು ಓರೆಯಾಗಿ ಹತ್ತುತ್ತವೆ, ಒಂದೊಂದೇ ಚಕ್ರ, ಹಾವು ಹರಿದಂತೆ. ಹಿಂದೆ ನಿಂತ ಆಟೋದವನು ಹಾರನ್ ಒತ್ತಿ ಹಿಡಿದಿರುತ್ತಾನೆ. ತಿರುವಿನಲ್ಲಿ ಚುರುಕಾಗಲಿ ಎಂದು ಹಾಕಿಸಿದ ಸಾಮಾನು ಊರೊಳಗೆ ಕಾರನ್ನು ಎತ್ತಿನಗಾಡಿಯ ವೇಗಕ್ಕೆ ತರುತ್ತದೆ.

*

ತಿರುವಿನ ಮಾತಿಗೆ ಬಂದರೆ ಅಲ್ಲೂ ಒಂದು ಮೋಸವಿದೆ. ಮುಂದಿನ ಚಕ್ರಗಳ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಕಾರಿನ ಮೈ ವಾಲುವುದು ಒಂದು ಕಾಲ್ಪನಿಕ ಬಿಂದುವಿನ ಸುತ್ತ. ಮೈ ಒಂದಿಷ್ಟು ಇಳಿದರೆ ಆ ಬಿಂದು ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಭಾರದ ಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಬೆಳೆದು, ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ತಗ್ಗಿಸಿದಷ್ಟೂ ವಾಲುವುದು ಕಡಿಮೆ ಎಂಬ ನಂಬಿಕೆಗೆ ಇದು ತದ್ವಿರುದ್ಧ. ವಾಲುವುದನ್ನು ತಡೆಯುತ್ತಿರುವುದು ಸ್ಪ್ರಿಂಗಿನ ಗಡಸುತನ, ಹೊಗಳಿಕೆ ಮಾತ್ರ ಎತ್ತರಕ್ಕೆ ಸಲ್ಲುತ್ತಿದೆ. ಕೆಳಗಿನ ತೋಳುಗಳು ಚಕ್ರದ ಕಡೆಗೆ ಮೇಲ್ಮುಖವಾಗುವಷ್ಟು ಇಳಿಸಿದ ಕಾರನ್ನು ಕಂಡು ಸುತ್ತ ನಿಂತವರೆಲ್ಲ ಭೇಷ್ ಅನ್ನುತ್ತಿದ್ದರು. ಕಾಯಿಲೋವರಿನ ಅಪಾಯ ಇದೇ ಅನ್ನಿಸಿತು, ಇನ್ನೂ ಒಂದು ಸುತ್ತು ಇಳಿಸಲು ಜಾಗ ಸದಾ ಇರುತ್ತದೆ. ಗಿಡ್ಡ ಸ್ಪ್ರಿಂಗಿಗೆ ಆ ಚಪಲವಿಲ್ಲ.

*

ಕಾನೂನು. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸಕೂಡದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ನಾಲ್ಕು ಸ್ಪ್ರಿಂಗ್ ಅಂದರೆ ನಾಲ್ಕು ಮಾರ್ಪಾಡೋ, ಒಂದೋ? ಕೇಳಿದ್ದಕ್ಕೆ ಹುಡುಗ "ಚಿಕ್ಕಪ್ಪ, ನೀವು ಸುಮ್ನೆ ಕೂತ್ಕೊಳ್ಳಿ" ಅಂದ. ಜರ್ಮನಿಯಲ್ಲಾದರೆ ಸ್ಪ್ರಿಂಗಿನ ಜೊತೆ ಪರೀಕ್ಷೆಯ ಕಾಗದವೂ ಬರುತ್ತದೆ. ಇಲ್ಲಿಗೆ ಅದೇ ಸ್ಪ್ರಿಂಗ್ ಬಂದರೂ ಆ ಕಾಗದಕ್ಕೆ ಬೆಲೆಯಿಲ್ಲ.

*

ಕಂಪ್ರೆಸರ್ ಕೊಕ್ಕೆ ಹಾಕಿ ಬೇರೆ ಯಾರದೋ ಕಾರಿನ ಹಳೇ ಸ್ಪ್ರಿಂಗನ್ನು ಹಿಚುಕುವಾಗ ಮೇಸ್ತ್ರಿ ಎಲ್ಲರನ್ನೂ ಪಕ್ಕಕ್ಕೆ ಸರಿಸಿದ. ಎರಡು ಬದಿಯ ಬೋಲ್ಟನ್ನೂ ಸಮಸಮವಾಗಿ, ಸ್ವಲ್ಪ ಇದು, ಸ್ವಲ್ಪ ಅದು. ಕೊಕ್ಕೆ ಜಾರಿದರೆ ಆ ಕಬ್ಬಿಣದ ಸುರುಳಿ ಗೋಡೆಗೆ ಹೋಗಿ ಬಡಿಯುತ್ತದೆ. ಗ್ಯಾರೇಜಿನಲ್ಲಿ ಮಾತು ನಿಂತದ್ದು ಆ ಹೊತ್ತಿನಲ್ಲಿ ಮಾತ್ರ.

*

ಮೂರನೆಯ ದಾರಿಯೂ ಇದೆ, ಯಾರೂ ಅದನ್ನು ಎತ್ತುವುದಿಲ್ಲ. ಐಬಾಕ್‌ನ ಗಿಡ್ಡ ಸ್ಪ್ರಿಂಗಿಗೆ ಬಿಲ್‌ಸ್ಟೈನ್‌ನ ಗಿಡ್ಡ ಡ್ಯಾಂಪರ್ ಸೇರಿಸಿ ಬಿ12 ಎಂದು ಮಾರುತ್ತಾರೆ. ಜೋಡಿ ಸರಿ, ಎತ್ತರ ಒಂದೇ, ತಿರುಗಿಸುವ ಬಳೆಯಿಲ್ಲ, ಕೆಸರು ಕೂರಲು ಥ್ರೆಡ್ಡೂ ಇಲ್ಲ. ಹುಡುಗನ ಪೋಲೊ ಎಪ್ಪತ್ತು ಸಾವಿರ ದಾಟಿದೆ, ಹೇಗೂ ಡ್ಯಾಂಪರ್ ಬದಲಾಗಬೇಕು. ಇವತ್ತು ಸ್ಪ್ರಿಂಗ್, ಆರು ತಿಂಗಳಿಗೆ ಡ್ಯಾಂಪರ್ ಎಂದು ಎರಡು ಸಲ ಬಿಚ್ಚಿ ಕಟ್ಟಿಸುವ ಕೂಲಿಯನ್ನೂ ಸೇರಿಸಿದರೆ ಇದೇ ಅಗ್ಗ. ಹೇಳಿದೆ.

"ನೋಡೋಣ ಚಿಕ್ಕಪ್ಪ. ಆದ್ರೆ ಫೋಟೋದಲ್ಲಿ ಅದು ಸ್ಟಾಕ್ ಥರಾನೇ ಕಾಣುತ್ತೆ."

"ಒಳಗಿರೋದನ್ನ ಯಾರು ಬಗ್ಗಿ ನೋಡ್ತಾರೋ?"

ಉತ್ತರ ಬರಲಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಅಳೆಯಬೇಕು, ಟೇಪು ಇದೆಯಾ ಎಂದು ಕೇಳಿದ. ಬೆರಳು ಬಿಟ್ಟು ಟೇಪು ಹಿಡಿಯುತ್ತಿದ್ದಾನಲ್ಲ ಎಂದು ಕೊಟ್ಟಿದ್ದೇನೆ.