ಟನಲ್ಲೋ ಟ್ರಾನ್ಸ್‌ಪೋರ್ಟೋ

ವಿಪಿಎನ್ ಅಂದರೆ ಏನೆಂದು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿರುವ ಭಾವಮೈದ ಇಲ್ಲಿನ ಕ್ರಿಕೆಟ್ ನೋಡಲು ಹಾಕಿಕೊಳ್ಳುವುದು, ಹಾಸ್ಟೆಲಿನ ಹುಡುಗರು ವಾರ್ಡನ್ ತಡೆದದ್ದನ್ನೆಲ್ಲ ನೋಡಲು ಹಾಕಿಕೊಳ್ಳುವುದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ‘ತಮ್ಮದು ಏನು ಕೆಲಸ?’ ಎಂದಾಗ ‘ಆಫೀಸುಗಳಿಗೆ ವಿಪಿಎನ್ ಹಾಕಿಕೊಡೋದು’ ಎಂದುಬಿಟ್ಟರೆ ಮುಗಿಯಿತು. ಹೋಳಿಗೆ ಮೇಲೆ ತುಪ್ಪ ಬೀಳುವ ಹೊತ್ತಿಗೆ ಅವರು ದನಿ ತಗ್ಗಿಸಿ, ‘ಫ್ರೀ ಇರೋದ್ರಲ್ಲಿ ಯಾವ ಆ್ಯಪ್ ಒಳ್ಳೇದು ಸಾರ್?’ ಎನ್ನುತ್ತಾರೆ. ನನ್ನ ವಿಪಿಎನ್‌ನಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಹುಬ್ಬಳ್ಳಿ ಗೋಡೌನಿನ ಸ್ಟಾಕ್ ರಿಜಿಸ್ಟರು ಬೆಂಗಳೂರಿಗೆ ಬರುತ್ತದೆ, ಬೆಂಗಳೂರಿನ ಸಂಬಳದ ಪಟ್ಟಿ ಹುಬ್ಬಳ್ಳಿಗೆ ಹೋಗುತ್ತದೆ, ಅಷ್ಟೆ.

ಸರ್ಕಾರಕ್ಕೂ ಒಮ್ಮೆ ಈ ಎರಡನ್ನೂ ಬೇರೆ ಮಾಡಿ ಹೇಳಬೇಕಾಗಿ ಬಂತು. 2022ರ ಏಪ್ರಿಲ್‌ನಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿ, ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಂಡಿರಬೇಕು ಎಂದಿತು. ಅದು ಪೇಪರಿನಲ್ಲಿ ಬಂದ ದಿನ ನನ್ನ ಫೋನಿಗೆ ಬಿಡುವಿರಲಿಲ್ಲ; ನಾಕು ಕಂಪ್ಯೂಟರಿನ ಬ್ರಾಂಚ್ ಇಟ್ಟುಕೊಂಡವರೆಲ್ಲ ತಮ್ಮ ಮನೆಗೇ ಪೊಲೀಸರು ಬರುತ್ತಾರೆ ಎಂದುಕೊಂಡಿದ್ದರು. ಆಮೇಲೆ ಪ್ರಶ್ನೋತ್ತರ ರೂಪದಲ್ಲಿ ಸ್ಪಷ್ಟನೆ ಬಂತು: ಇದು ಸಾರ್ವಜನಿಕರಿಗೆ ಸೇವೆ ಮಾರುವವರಿಗೆ, ಕಂಪನಿಗಳ ಒಳಗಿನ ವಿಪಿಎನ್‌ಗೆ ಅಲ್ಲ.

ಈ ಕಂಪನಿಯೊಳಗಿನ ವಿಪಿಎನ್ ಬಹುಪಾಲು ನಿಂತಿರುವುದು ಐಪಿಸೆಕ್ ಎಂಬ ಹಳೆಯ ಏರ್ಪಾಡಿನ ಮೇಲೆ. ಅದನ್ನು ಹಾಕಲು ಫೈರ್‌ವಾಲಿನ ಸೆಟ್ಟಿಂಗ್ ಪುಟ ತೆರೆದರೆ ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ಟನಲ್ ಮೋಡೋ ಟ್ರಾನ್ಸ್‌ಪೋರ್ಟ್ ಮೋಡೋ? ಇಎಸ್‌ಪಿಯೋ ಎಎಚ್ಚೋ? ಐಕೆಇ ಒಂದೋ ಎರಡೋ? ಒಂದಾದರೆ ಮೇನ್ ಮೋಡೋ ಅಗ್ರೆಸಿವ್ ಮೋಡೋ? ಅದರ ಕೆಳಗೆ ಗುಪ್ತಲಿಪಿಗಳ ಒಂದು ಉದ್ದ ಪಟ್ಟಿ. ಪ್ರತಿಯೊಂದನ್ನೂ ಕೂತು ವಿಚಾರ ಮಾಡಿ ಆರಿಸಬೇಕೆಂದು ಹೊಸ ಹುಡುಗರು ತಿಳಿಯುತ್ತಾರೆ. ನಾನು ಹೇಳುವುದಿಷ್ಟೇ: ಎರಡು ಆಫೀಸುಗಳ ನಡುವಿನ ಮಾತಾದರೆ ಇದರಲ್ಲಿ ಆಯ್ಕೆ ಅನ್ನುವಂಥದ್ದು ಹೆಚ್ಚೇನೂ ಇಲ್ಲ. ಎಲ್ಲರೂ ತಲೆ ಕೆಡಿಸಿಕೊಳ್ಳುವ ಮೊದಲ ಪ್ರಶ್ನೆಗೆ ಉತ್ತರ ಮೊದಲೇ ತೀರ್ಮಾನವಾಗಿದೆ. ಯಾರೂ ನೋಡದೆ ಬಿಡುವ ಕೊನೆಯ ಪ್ರಶ್ನೆಯಲ್ಲೇ ಕಳ್ಳ ಒಳಗೆ ಬರುವುದು.

ಮೊದಲಿಗೆ ಟನಲ್ಲು, ಟ್ರಾನ್ಸ್‌ಪೋರ್ಟು. ಇನ್‌ಲ್ಯಾಂಡ್ ಲೆಟರ್ ನೆನಪಿರುವವರಿಗೆ ಇದು ಬೇಗ ಹಿಡಿಯುತ್ತದೆ. ಒಳಗಿನ ಬರಹ ಅಂಟಿಸಿ ಮುಚ್ಚಿದೆ, ಹೊರಗೆ ಬರೆದವರ ಹೆಸರೂ ಸೇರಬೇಕಾದವರ ಹೆಸರೂ ಎಲ್ಲರಿಗೂ ಕಾಣುತ್ತದೆ. ಅದು ಟ್ರಾನ್ಸ್‌ಪೋರ್ಟ್ ಮೋಡು. ಅಂಥ ನೂರು ಕಾಗದಗಳನ್ನು ಅಂಚೆ ಕಚೇರಿಯಲ್ಲಿ ಒಂದು ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಅರಗಿನ ಮುದ್ರೆ ಒತ್ತಿ ರೈಲಿಗೆ ಹಾಕಿದರೆ ದಾರಿಯಲ್ಲಿ ನೋಡಿದವನಿಗೆ ಕಾಣುವುದು ಚೀಲದ ಚೀಟಿ ಮಾತ್ರ: ಈ ಊರಿನ ಅಂಚೆ ಕಚೇರಿಯಿಂದ ಆ ಊರಿನ ಅಂಚೆ ಕಚೇರಿಗೆ. ಒಳಗೆ ಯಾರು ಯಾರಿಗೆ ಬರೆದಿದ್ದಾರೆ ಎಂಬುದು ತಿಳಿಯದು. ಇದು ಟನಲ್ ಮೋಡು. ಚೀಲಕ್ಕೆ ತನ್ನದೇ ತೂಕವೂ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ನಿಜವಾದ ಪ್ಯಾಕೆಟ್ಟನ್ನೇ ನೋಡೋಣ. ಹುಬ್ಬಳ್ಳಿಯ ಕಂಪ್ಯೂಟರಿನ ವಿಳಾಸ 192.168.20.15, ಬೆಂಗಳೂರಿನ ಸರ್ವರಿನದು 192.168.10.5. ಇವೆರಡೂ, ಇಂಟರ್‌ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆಗಳಲ್ಲೊಂದಾದ 1996ರ ಆರ್‌ಎಫ್‌ಸಿ 1918 ಆಫೀಸುಗಳ ಒಳಬಳಕೆಗೆಂದು ಬಿಟ್ಟುಕೊಟ್ಟ ವಿಳಾಸಗಳು. ಹೊರಗಿನ ಇಂಟರ್‌ನೆಟ್ಟಿನಲ್ಲಿ ಇವುಗಳಿಗೆ ಮೂರು ಕಾಸಿನ ಬೆಲೆಯಿಲ್ಲ. ಟ್ರಾನ್ಸ್‌ಪೋರ್ಟ್ ಮೋಡಿನಲ್ಲಿ ಈ ಮೂಲ ವಿಳಾಸಗಳೇ ಹೊರಗೆ ಉಳಿಯುವುದರಿಂದ ಬ್ರಾಡ್‌ಬ್ಯಾಂಡ್ ಕಂಪನಿಯ ಮೊದಲ ರೂಟರೋ ಎರಡನೆಯದೋ ಆ ಪ್ಯಾಕೆಟ್ಟನ್ನು ಬಿಸಾಡುತ್ತದೆ. ಟನಲ್ ಮೋಡಿನಲ್ಲಿ ಇಡೀ ಪ್ಯಾಕೆಟ್ಟು ವಿಳಾಸ ಸಮೇತ ಗುಪ್ತಲಿಪಿಯೊಳಗೆ ಹೋಗಿ, ಮೇಲೆ ಎರಡು ಫೈರ್‌ವಾಲುಗಳ ಸಾರ್ವಜನಿಕ ವಿಳಾಸವಿರುವ ಹೊಸ ತಲೆಬರಹ ಕೂರುತ್ತದೆ. ಹಾಗಾಗಿ ಸೇರುತ್ತದೆ. ಇದು ರುಚಿಯ ವಿಷಯವೇ ಅಲ್ಲ. ಐಪಿಸೆಕ್‌ನ ಈಗಿನ ಆಧಾರ ದಾಖಲೆಯಾದ 2005ರ ಆರ್‌ಎಫ್‌ಸಿ 4301 ಕೂಡ, ತುದಿಗಳಲ್ಲಿ ಒಂದಾದರೂ ಗೇಟ್‌ವೇ ಆಗಿ ಇನ್ನೊಬ್ಬರ ಸಂಚಾರವನ್ನು ಸಾಗಿಸುತ್ತಿದ್ದರೆ ಟನಲ್ ಮೋಡನ್ನೇ ಬಳಸಬೇಕು ಎನ್ನುತ್ತದೆ.

ಒಂದು ವಿನಾಯಿತಿ ಇದೆ. ಬ್ರಾಂಚುಗಳು ಹತ್ತಾರು ಆದಾಗ ದಾರಿಗಳನ್ನು ಕೈಯಲ್ಲಿ ಬರೆಯುತ್ತ ಕೂರಲಾಗದು. ಓಎಸ್‌ಪಿಎಫ್‌ನಂಥ ರೂಟಿಂಗ್ ವ್ಯವಸ್ಥೆ ಬೇಕಾಗುತ್ತದೆ. ಅದು ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಹಲವರಿಗೆ ಒಂದೇ ಸಲ, ಮಾತಾಡುತ್ತದೆ, ಬರಿಯ ಐಪಿಸೆಕ್‌ಗೆ ಅದನ್ನು ಸಾಗಿಸಲು ಬರುವುದಿಲ್ಲ. ಆಗ ಮೊದಲು ಜಿಆರ್‌ಇ ಎಂಬ ಸರಳ ಸುತ್ತು ಹೊದಿಸಿ, ಅದರ ಮೇಲೆ ಐಪಿಸೆಕ್ ಹಾಕುತ್ತಾರೆ. ಜಿಆರ್‌ಇ ಆಗಲೇ ಸಾರ್ವಜನಿಕ ವಿಳಾಸ ಹಾಕಿರುವುದರಿಂದ ಮತ್ತೆ ಟನಲ್ ಮೋಡಿನ 20 ಬೈಟ್ ತಲೆಬರಹ ದಂಡ. ಅಲ್ಲಿ ಟ್ರಾನ್ಸ್‌ಪೋರ್ಟ್ ಮೋಡು ತಕ್ಕದ್ದು. ಇದಲ್ಲದೆ ಎರಡು ಸರ್ವರುಗಳು ನೇರವಾಗಿ ಮಾತಾಡಿಕೊಳ್ಳುವ ಕಡೆ ಅದು ನಡೆಯುತ್ತದೆ. ಮಿಕ್ಕಂತೆ ಆ ಗುಂಡಿಯನ್ನು ಮುಟ್ಟಬೇಕಾಗಿಯೇ ಇಲ್ಲ.

ಹಾಗಿದ್ದ ಮೇಲೆ ಇಷ್ಟೆಲ್ಲ ಗುಂಡಿಗಳನ್ನು ಇಟ್ಟವರು ಯಾರು? ಸಮಿತಿ! ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎನ್ನುತ್ತಾರಲ್ಲ, ಇಲ್ಲಿ ಹಾವು ಸತ್ತಿತು, ಆದರೆ ಹೊಡೆಯಲು ತಂದ ಕೋಲುಗಳನ್ನೆಲ್ಲ ಅಲ್ಲೇ ಬಿಟ್ಟು ಹೋದರು. ಐಪಿಸೆಕ್‌ನ ಮೊದಲ ದಾಖಲೆಗಳು ಬಂದದ್ದು 1995ರಲ್ಲಿ, ತಿದ್ದಿದ ಆವೃತ್ತಿ 1998ರಲ್ಲಿ. ಅದರ ಬೆನ್ನಿಗೇ ನೀಲ್ಸ್ ಫರ್ಗುಸನ್ ಮತ್ತು ಬ್ರೂಸ್ ಶ್ನೈಯರ್ ಎಂಬ ಇಬ್ಬರು ಗುಪ್ತಲಿಪಿ ಪಂಡಿತರು ಅದನ್ನು ಕೂಲಂಕಷವಾಗಿ ಪರಿಶೀಲಿಸಿ ಒಂದು ಲೇಖನ ಬರೆದರು. ಅವರ ತಕರಾರಿನ ಸಾರ ಹೀಗಿತ್ತು: ಇದು ತೀರ ಗೋಜಲು, ಎಲ್ಲರನ್ನೂ ಮೆಚ್ಚಿಸಲು ಹೊರಟ ಸಮಿತಿಯ ಕೂಸು, ಟ್ರಾನ್ಸ್‌ಪೋರ್ಟ್ ಮೋಡನ್ನು ತೆಗೆದುಹಾಕಿ, ಎಎಚ್ ಅನ್ನೂ ತೆಗೆದುಹಾಕಿ. ಇಷ್ಟು ಬೈದವರೇ, ಸದ್ಯಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ ಎಂದೂ ಒಪ್ಪಿಕೊಂಡರು. ಬೈಯುವುದಿದ್ದರೆ ಹೀಗೆ ಬೈಯಬೇಕು.

ಎಎಚ್ ಬಗ್ಗೆ ಅವರು ಹೇಳಿದ್ದು ನಮ್ಮೂರಿನಲ್ಲಿ ತಾನಾಗಿಯೇ ನಿಜವಾಯಿತು. ಎಎಚ್ ಏನನ್ನೂ ಮುಚ್ಚಿಡುವುದಿಲ್ಲ, ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂದು ಮಾತ್ರ ಸಾಕ್ಷಿ ಹೇಳುತ್ತದೆ, ಹೊರಗಿನ ವಿಳಾಸವನ್ನೂ ಸೇರಿಸಿ. ಆದರೆ ನಮ್ಮ ಬ್ರಾಂಚುಗಳ ಬ್ರಾಡ್‌ಬ್ಯಾಂಡುಗಳಲ್ಲಿ ಬಹಳಷ್ಟು ನ್ಯಾಟ್‌ನ ಹಿಂದೆ ಕೂತಿವೆ, ಅಂದರೆ ದಾರಿಯಲ್ಲಿ ವಿಳಾಸ ಬದಲಾಗುವುದೇ ಅಲ್ಲಿನ ನಿತ್ಯದ ವ್ಯವಹಾರ. ಎಎಚ್ ಅದನ್ನು ಕಂಡು ‘ಮೋಸ!’ ಎಂದು ಪ್ಯಾಕೆಟ್ಟು ಬಿಸಾಡುತ್ತದೆ. ಒಳಗಿನದನ್ನು ಗುಪ್ತಲಿಪಿಯಲ್ಲಿ ಮುಚ್ಚಿಡುವ ಇಎಸ್‌ಪಿಗಾದರೋ ಯುಡಿಪಿ 4500ರೊಳಗೆ ಅಡಗಿ ನ್ಯಾಟ್ ದಾಟುವ ಉಪಾಯವನ್ನು 2005ರಲ್ಲಿ ಮಾಡಿಕೊಟ್ಟರು. ಆದ್ದರಿಂದ ಇಎಸ್‌ಪಿ. ಅಂದ ಹಾಗೆ, ಇಎಸ್‌ಪಿ ಎಂಬುದು ಐಪಿಯ 50ನೇ ಪ್ರೋಟೊಕಾಲ್, ಪೋರ್ಟ್ 50 ಅಲ್ಲ. ಫೈರ್‌ವಾಲಿನಲ್ಲಿ ‘ಟಿಸಿಪಿ ಪೋರ್ಟ್ 50 ಅಲೋ’ ಎಂದು ಬರೆದಿಟ್ಟು, ಟನಲ್ ಯಾಕೆ ಬರುತ್ತಿಲ್ಲ ಎಂದು ದೇವರಿಗೆ ಹರಕೆ ಹೊತ್ತವರನ್ನು ನಾನು ಕಂಡಿದ್ದೇನೆ.

ಈಗ ಚೀಲದ ತೂಕ. ಟನಲ್ ಮೇಲೆದ್ದಿದೆ, ಹಸಿರು ದೀಪ ಹತ್ತಿದೆ, ಎಲ್ಲರೂ ಕಾಫಿಗೆ ಹೋಗಿದ್ದಾರೆ. ಆಗ ಹುಬ್ಬಳ್ಳಿಯಿಂದ ಅಕೌಂಟೆಂಟರ ಫೋನು: ‘ಸರ, ಪಿಂಗ್ ಹೊಂಟೈತ್ರಿ, ಲಾಗಿನ್ ಪೇಜೂ ಬರತೈತಿ. ಒಳಗ ಹೋಗಿ ರಿಪೋರ್ಟ್ ತೆಗೀಬೇಕಂದ್ರ ಚಕ್ರ ತಿರಗಕೋತ ಕುಂದರತೈತಿ ನೋಡ್ರಿ.’ ಇಷ್ಟು ಕೇಳಿದರೆ ಸಾಕು, ರೋಗ ಗೊತ್ತಾಗುತ್ತದೆ. ದಾರಿಯಲ್ಲಿ ಒಂದು ಪ್ಯಾಕೆಟ್ಟು ಸಾಮಾನ್ಯವಾಗಿ 1500 ಬೈಟ್ ಮೀರುವಂತಿಲ್ಲ; ಪಿಪಿಪಿಒಇ ಬ್ರಾಡ್‌ಬ್ಯಾಂಡ್ ಆದರೆ 1492. ಅದರಲ್ಲಿ ಹೊಸ ಐಪಿ ತಲೆಬರಹಕ್ಕೆ 20, ಇಎಸ್‌ಪಿ ತಲೆಬರಹಕ್ಕೆ 8, ನ್ಯಾಟ್ ದಾಟಲು ಯುಡಿಪಿಗೆ 8, ಎಇಎಸ್-ಜಿಸಿಎಂ ಆದರೆ ಮುಂದೆ 8, ಹಿಂದೆ ಮುದ್ರೆಗೆ 16, ನಡುವೆ ಭರ್ತಿಗೆ ಒಂದಿಷ್ಟು. ಅರವತ್ತಕ್ಕೂ ಹೆಚ್ಚು ಬೈಟ್ ಚೀಲಕ್ಕೇ ಹೋಯಿತು. ಪಿಂಗ್ ಸಣ್ಣದು, ನುಸುಳುತ್ತದೆ. ರಿಪೋರ್ಟಿನ ಪ್ಯಾಕೆಟ್ಟುಗಳು ತುಂಬಿ ತುಳುಕುತ್ತವೆ, ಜೊತೆಗೆ ‘ನನ್ನನ್ನು ತುಂಡು ಮಾಡಬೇಡಿ’ ಎಂಬ ಗುರುತನ್ನೂ ಹೊತ್ತು ಬರುತ್ತವೆ. ‘ಇದು ದೊಡ್ಡದಾಯಿತು, ಚಿಕ್ಕದು ಕಳಿಸಿ’ ಎಂದು ವಾಪಸು ಬರಬೇಕಾದ ಐಸಿಎಂಪಿ ಸಂದೇಶವನ್ನು ನಡುವಿನ ಯಾವುದೋ ಫೈರ್‌ವಾಲು, ಭದ್ರತೆಯ ಹೆಸರಿನಲ್ಲಿ, ತಡೆದಿರುತ್ತದೆ. ಹೀಗಾಗಿ ಕಳಿಸಿದವನಿಗೆ ಸುದ್ದಿಯಿಲ್ಲ, ಕಾಯುತ್ತಿರುವವನಿಗೆ ರಿಪೋರ್ಟಿಲ್ಲ. ಫೈರ್‌ವಾಲಿನಲ್ಲಿ ಟಿಸಿಪಿ ಎಂಎಸ್‌ಎಸ್ ಅನ್ನು, ಅಂದರೆ ಒಂದು ಪ್ಯಾಕೆಟ್ಟಿನಲ್ಲಿ ತುಂಬಬಹುದಾದ ಸರಕಿನ ಮಿತಿಯನ್ನು, 1360ಕ್ಕೋ ಅದಕ್ಕಿಂತ ತುಸು ಕೆಳಗೋ ಕಟ್ಟಿದರೆ ಚಕ್ರ ನಿಲ್ಲುತ್ತದೆ. ಅಕೌಂಟೆಂಟರು ‘ಏನ್ ಮಾಡಿದ್ರಿ ಸರ?’ ಎಂದು ಕೇಳುತ್ತಾರೆ. ಪೂರ್ತಿ ವಿವರಿಸಲು ಹೊರಟರೆ ಅವರ ಊಟ ತಪ್ಪುತ್ತದೆ.

ಇನ್ನೊಂದು ರಗಳೆ ಯಾವ ಮೋಡಿನಿಂದಲೂ ಬಗೆಹರಿಯದು. ಅಂಗಡಿಯಿಂದ ತಂದ ರೂಟರು ಹೇಗಿತ್ತೋ ಹಾಗೇ ಎರಡೂ ಕಡೆ ಕೂರಿಸಿ, ಎರಡೂ ಆಫೀಸು 192.168.1 ಆಗಿಬಿಟ್ಟಿರುತ್ತವೆ. ಬೆಂಗಳೂರಿನ ಸರ್ವರಿಗೂ ಬ್ರಾಂಚಿನ ಪ್ರಿಂಟರಿಗೂ ಒಂದೇ ನಂಬರು! ಬ್ರಾಂಚಿನ ಕಂಪ್ಯೂಟರು ಸರ್ವರನ್ನು ಕರೆದರೆ ಪಕ್ಕದಲ್ಲಿರುವ ಪ್ರಿಂಟರು ಓಗೊಡುತ್ತದೆ. ಟನಲ್ ಹಾಕುವ ಮೊದಲೇ ಒಂದು ಕಡೆ ನಂಬರು ಬದಲಿಸಿಬಿಡುವುದು ಲೇಸು.

ಇನ್ನು ಕಳ್ಳ ಬರುವ ಬಾಗಿಲು. ಬೀಗದ ಕೈ ಒಪ್ಪಂದ ಮಾಡಿಕೊಳ್ಳುವ ಹಳೆಯ ಐಕೆಇ ಒಂದನೇ ಆವೃತ್ತಿಯಲ್ಲಿ ಎರಡು ಬಗೆ. ಮೇನ್ ಮೋಡಿನಲ್ಲಿ ಆರು ಸಂದೇಶ ಓಡಾಡುತ್ತವೆ, ಯಾರು ಯಾರು ಎಂಬುದು ಗುಪ್ತಲಿಪಿಯಲ್ಲಿ ಅಡಗಿ ಹೋಗುತ್ತದೆ. ಅಗ್ರೆಸಿವ್ ಮೋಡಿನಲ್ಲಿ ಮೂರೇ ಸಂದೇಶ, ಪರಿಚಯವೆಲ್ಲ ಬಹಿರಂಗ. ಉಳಿದ ಮೂರು ಸಂದೇಶದ ಸಮಯ ಕಣ್ಣು ಮಿಟುಕಿಸುವಷ್ಟೂ ಇಲ್ಲ, ಆದರೂ ಇದು ನಮ್ಮಲ್ಲಿ ಹಬ್ಬಿದ್ದಕ್ಕೆ ಬೇರೆ ಕಾರಣವಿದೆ. ಎರಡೂ ಕಡೆ ಒಂದೇ ಗುಟ್ಟಿನ ಪದ ಇಟ್ಟುಕೊಂಡ ಮೇನ್ ಮೋಡಿನಲ್ಲಿ, ಎದುರಿನವನ ಹೆಸರು ಓದಲಿಕ್ಕೇ ಆ ಪದ ಬೇಕು. ಹೆಸರು ತಿಳಿಯುವ ಮೊದಲು ಯಾವ ಪದ ಹಾಕುವುದು? ಐಪಿ ವಿಳಾಸ ನೋಡಿ ಗುರುತಿಸಬೇಕು. ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು, ಮಾಲೀಕರು ‘ಅದೆಲ್ಲ ಯಾಕ್ರೀ’ ಎಂದಿರುತ್ತಾರೆ. ಬ್ರಾಂಚಿನ ವಿಳಾಸ ಕರೆಂಟು ಹೋಗಿ ಬಂದಾಗಲೆಲ್ಲ ಬದಲಾಗುತ್ತದೆ. ಹೀಗಾಗಿ ಯಾರೋ ಅಗ್ರೆಸಿವ್ ಎಂದು ಒತ್ತಿ, ಟನಲ್ ಬಂತು, ಬಿಲ್ ಬರೆದು ಹೋದರು.

ಅದರ ಬೆಲೆ ಏನೆಂದರೆ, ಆ ಗುಟ್ಟಿನ ಪದದಿಂದ ಅರೆದು ತೆಗೆದ ಹ್ಯಾಶ್ ಒಂದು ಬಟ್ಟಬಯಲಿನಲ್ಲಿ ಹೋಗುತ್ತದೆ. ಬ್ರಾಂಚಿನ ಹೆಸರು ಗೊತ್ತಿದ್ದವನು ನಿಮ್ಮ ಹೆಡ್ ಆಫೀಸಿನ ಫೈರ್‌ವಾಲಿಗೆ ಒಂದು ನಮಸ್ಕಾರ ಹೊಡೆದರೂ ಅದು ಹ್ಯಾಶ್ ಕೊಟ್ಟು ಕಳಿಸುತ್ತದೆ. ಆಮೇಲೆ ಅವನು ತನ್ನ ಮನೆಯಲ್ಲಿ ಕೂತು ನಿಧಾನವಾಗಿ ಒಂದೊಂದೇ ಪದ ಹಾಕಿ ನೋಡಬಹುದು, ನಿಮಗೆ ಸುಳಿವೂ ಸಿಗದು. ಐಕೆಇ-ಸ್ಕ್ಯಾನ್ ಎಂಬ ಉಚಿತ ಸಾಧನದ ಜೊತೆಯಲ್ಲೇ ಇದಕ್ಕೆ ಬೇಕಾದ ಪಿಎಸ್‌ಕೆ-ಕ್ರ್ಯಾಕ್ ಎಂಬ ಇನ್ನೊಂದು ಬರುತ್ತದೆ. ನಮ್ಮ ಆಫೀಸುಗಳ ಗುಟ್ಟಿನ ಪದಗಳಾದರೂ ಎಂಥವು? ಮಾಲೀಕರ ಮನೆದೇವರ ಹೆಸರು, ಮುಂದೆ ಒಂದು ಅಟ್ ಚಿಹ್ನೆ, ಆಮೇಲೆ 123. ದೇವರೇ ಕಾಯಬೇಕು ಎಂಬುದನ್ನು ಇಷ್ಟು ಅಕ್ಷರಶಃ ತೆಗೆದುಕೊಂಡವರು ಬೇರೆ ಇರಲಾರರು.

ಐಕೆಇ ಎರಡನೇ ಆವೃತ್ತಿ 2005ರಲ್ಲೇ ಬಂದಿದೆ. ಅದರಲ್ಲಿ ಮೇನ್, ಅಗ್ರೆಸಿವ್ ಎಂಬ ಭೇದವೇ ಇಲ್ಲ. ನಾಲ್ಕು ಸಂದೇಶದಲ್ಲಿ ಕೆಲಸ ಮುಗಿಯುತ್ತದೆ, ಹೆಸರೂ ಅಡಗಿ ಹೋಗುತ್ತದೆ, ಬದಲಾಗುವ ಐಪಿಯೂ ಅಡ್ಡಿಯಲ್ಲ. 2023ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 9395 ಒಂದನೇ ಆವೃತ್ತಿಗೆ ಅಧಿಕೃತವಾಗಿ ಎಳ್ಳುನೀರು ಬಿಟ್ಟಿದೆ. ಆದರೂ ಮನೆದೇವರು-123 ಎರಡನೇ ಆವೃತ್ತಿಯಲ್ಲೂ ಕಾಯುವುದಿಲ್ಲ. ನಡುವೆ ನಿಂತು ಹೆಡ್ ಆಫೀಸಿನ ವೇಷ ಹಾಕಿದವನಿಗೆ ಅಲ್ಲಿಯೂ ಊಹೆಯ ಆಟ ಆಡಲು ಅವಕಾಶ ಸಿಗುತ್ತದೆ. ಪದ ಉದ್ದವಿರಲಿ, ಅರ್ಥವಿಲ್ಲದ್ದಿರಲಿ. ಸರ್ಟಿಫಿಕೇಟ್ ಆದರೆ ಇನ್ನೂ ವಾಸಿ.

ವೈರ್‌ಗಾರ್ಡ್ ಎಂಬ ಹೊಸದು ಬಂದಿದೆಯಲ್ಲ ಎಂದು ಹುಡುಗರು ಕೇಳುತ್ತಾರೆ. 2020ರಲ್ಲಿ ಲಿನಕ್ಸ್ ಕರ್ನೆಲ್ಲಿನೊಳಗೇ ಸೇರಿತು, ಚೆನ್ನಾಗಿದೆ, ಅದರಲ್ಲಿ ಆರಿಸಲು ಮೋಡುಗಳೇ ಇಲ್ಲ. ಆದರೆ ಎದುರು ಕಡೆ ಇರುವುದು ಬ್ಯಾಂಕಿನದೋ ಸರ್ಕಾರದ್ದೋ ಫೈರ್‌ವಾಲಾದರೆ ಅದಕ್ಕೆ ಗೊತ್ತಿರುವ ಭಾಷೆ ಸಾಮಾನ್ಯವಾಗಿ ಐಪಿಸೆಕ್ ಒಂದೇ.

ಆದ್ದರಿಂದ ಟನಲ್ ಮೋಡು, ಇಎಸ್‌ಪಿ, ಐಕೆಇ ಎರಡು. ನಿಮ್ಮ ಆಫೀಸಿನ ಫೈರ್‌ವಾಲ್ ನೋಡಿಕೊಳ್ಳುವವರನ್ನು ಕರೆದು ಆ ಪುಟ ಒಮ್ಮೆ ತೆರೆಸಿ ನೋಡಿ. ಅಗ್ರೆಸಿವ್ ಎಂದು ಕಂಡರೆ ಎರಡೂ ತುದಿಯಲ್ಲಿ ಒಟ್ಟಿಗೇ ಬದಲಿಸಿ, ಒಂದೇ ಕಡೆ ಬದಲಿಸಿದರೆ ಟನಲ್ ಬೀಳುತ್ತದೆ. ಶನಿವಾರ ಸಂಜೆ ಮಾಡಿ. ತಿಂಗಳ 20ನೇ ತಾರೀಕು ಮಾತ್ರ ಬೇಡ, ಅವತ್ತು ಅಕೌಂಟ್ಸ್‌ನವರಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು.